ಮಿಡ್‌ವೇ ಹೆಸರಿನ ಸಿಮ್ಯುಲೇಟರ್ ಪ್ಯಾಕ್ ಕೊಳ್ಳುವ ಮುಂಚೆ ಇದನ್ನು ಓದಿ

ಯುದ್ಧವಿಮಾನದ ಸಿಮ್ಯುಲೇಟರ್ ಆಡುವವರಿಗೆ ಈ ಮಾತು. 1942ರಲ್ಲಿ ಅಮೆರಿಕ, ಜಪಾನ್ ನೌಕಾಪಡೆಗಳ ಮಧ್ಯೆ ಆದ ಮಿಡ್‌ವೇ ಕದನ ನಡೆದದ್ದು ನಡೆದ ಹಾಗೇ ಇದೆ ಎಂಬ ಜಾಹೀರಾತು ನೋಡಿ, ಎರಡು ಸಾವಿರಕ್ಕೂ ಜಾಸ್ತಿ ಕೊಟ್ಟು ಒಂದು ಪ್ಯಾಕ್ ಕೊಂಡೆ. ಕಾಕ್‌ಪಿಟ್ ಚೆನ್ನಾಗಿದೆ, ಒಂದೊಂದು ಸ್ವಿಚ್ಚೂ ಕೆಲಸ ಮಾಡುತ್ತದೆ. ಆದರೆ ಹಡಗಿನ ಮೇಲಿನ ದಾಳಿ ಪೂರ್ತಿ ಸುಳ್ಳು.

ಅಮೆರಿಕದ ಡೆವಾಸ್ಟೇಟರ್ ವಿಮಾನದಿಂದ ಸಾವಿರ ಅಡಿ ಎತ್ತರದಲ್ಲಿ, ಪೂರ್ತಿ ವೇಗದಲ್ಲಿ ಟಾರ್ಪಿಡೊ (ನೀರಿಗೆ ಬಿದ್ದು ನೀರೊಳಗೇ ಸಾಗಿ ಹಡಗಿಗೆ ಬಡಿಯುವ ಸಿಡಿಗುಂಡು) ಬಿಟ್ಟೆ. ಅದು ನೆಟ್ಟಗೆ ಹೋಗಿ ಹಡಗಿಗೆ ಬಡಿಯಿತು! 1942ರಲ್ಲಿ ಅಮೆರಿಕದ ಮಾರ್ಕ್ 13 ಟಾರ್ಪಿಡೊ ಬಿಡಬೇಕಾದರೆ ಸುಮಾರು 50 ಅಡಿಗೆ ಇಳಿಯಬೇಕಿತ್ತು, ವೇಗ 110 ನಾಟ್ (ಗಂಟೆಗೆ ಸುಮಾರು 200 ಕಿ.ಮೀ.) ದಾಟುವಂತಿರಲಿಲ್ಲ. ದಾಟಿದರೆ ಅದು ಕೆಟ್ಟು ಹೋಗುತ್ತಿತ್ತು, ಇಲ್ಲವೇ ದಾರಿ ತಪ್ಪುತ್ತಿತ್ತು. ಅಷ್ಟು ಕೆಳಗೆ, ಅಷ್ಟು ನಿಧಾನವಾಗಿ, ಅತ್ತಿತ್ತ ಸರಿಯದೆ ಹಾರಬೇಕಿತ್ತು. ಜಪಾನಿನ ಝೀರೊ ಯುದ್ಧವಿಮಾನಗಳಿಗೆ ಅಮೆರಿಕದ ಪೈಲಟ್‌ಗಳು ಸುಲಭವಾಗಿ ಸಿಕ್ಕಿದ್ದು ಅದಕ್ಕೇ. ಜೂನ್ 4ರಂದು ಅಮೆರಿಕದ ವಿಮಾನವಾಹಕ ಹಾರ್ನೆಟ್ ಹಡಗಿನಿಂದ ಹೊರಟ 15 ಡೆವಾಸ್ಟೇಟರ್‌ಗಳಲ್ಲಿ ಒಂದೂ ವಾಪಸ್ ಬರಲಿಲ್ಲ. 30 ಜನರಲ್ಲಿ ಬದುಕಿ ಉಳಿದವರು ಜಾರ್ಜ್ ಗೇ ಒಬ್ಬರೇ. ಅವರ ಒಂದು ಟಾರ್ಪಿಡೊ ಕೂಡ ಗುರಿ ಮುಟ್ಟಲಿಲ್ಲ. ಈ ಪ್ಯಾಕ್‌ನಲ್ಲಿ ಅದೇ ವಿಮಾನ ಹಾರಿಸಿ ನಾನೊಬ್ಬನೇ ಎರಡು ವಿಮಾನವಾಹಕ ಹಡಗು ಮುಳುಗಿಸಿದೆ. ಸತ್ತವರ ಕಥೆಯನ್ನು ಹೀಗೆ ಮಾರುವುದು ನೋಡಿ ಸಿಟ್ಟು ಬಂತು.

ಹಡಗಿನ ಹಾನಿಗೂ ಬರೀ ಒಂದು ಅಂಕಿ ಇಟ್ಟಿದ್ದಾರೆ. ಅದು ಸೊನ್ನೆಯಾದರೆ ಹಡಗು ಮುಳುಗುತ್ತದೆ. ಬಾಂಬ್ ಎಲ್ಲಿ ಬಿತ್ತು ಅನ್ನುವುದು ಲೆಕ್ಕಕ್ಕೇ ಇಲ್ಲ. ಜಪಾನಿನ ವಿಮಾನವಾಹಕ ಹಡಗು ಅಕಾಗಿಗೆ ನೇರವಾಗಿ ಬಡಿದದ್ದು ಒಂದೇ ಬಾಂಬ್ ಅಲ್ವಾ? ಅದು ಇಂಧನ ತುಂಬಿದ ವಿಮಾನಗಳಿದ್ದ ಹ್ಯಾಂಗರ್‌ನಲ್ಲಿ (ಹಡಗಿನೊಳಗೆ ವಿಮಾನ ನಿಲ್ಲಿಸುವ ಜಾಗ) ಸಿಡಿಯಿತು, ಬೆಂಕಿ ಆರಲೇ ಇಲ್ಲ. ಮಾರನೇ ದಿನ ಜಪಾನೀಯರೇ ಅದನ್ನು ಮುಳುಗಿಸಬೇಕಾಯಿತು. ಅತ್ತ ಅಮೆರಿಕದ ವಿಮಾನವಾಹಕ ಯಾರ್ಕ್‌ಟೌನ್‌ಗೆ ಮೂರು ಬಾಂಬ್ ಬಿದ್ದರೂ ಸಿಬ್ಬಂದಿ ಬೆಂಕಿ ಆರಿಸಿ ಹಡಗನ್ನು ಮತ್ತೆ ಓಡಿಸಿದರು. ಎರಡನೇ ದಾಳಿಗೆ ಬಂದ ಜಪಾನಿ ಪೈಲಟ್‌ಗಳು ಅದನ್ನು ಬೇರೆ ಹಡಗು ಅಂದುಕೊಂಡರು. ಬೆಂಕಿ ಆರಿಸುವ ಸಿಬ್ಬಂದಿಯೇ ಇಲ್ಲದ ಆಟದಲ್ಲಿ ಇದೆಲ್ಲ ನಡೆಯೋದು ಹೇಗೆ?

ಹಣ ವಾಪಸ್ ಕೇಳಿದರೆ, ಆಡಿದ ಸಮಯ ಮಿತಿ ದಾಟಿದೆ ಅಂದರು. ಹಡಗಿನ ಮೇಲಿಂದ ವಿಮಾನ ಏರಿಸೋದು ಕಲಿಯೋದಕ್ಕೇ ಆ ಸಮಯ ಮುಗಿದು ಹೋಗುತ್ತದೆ. ಇಂಥ ಯಾವುದೇ ಪ್ಯಾಕ್ ಕೊಂಡರೆ ತರಬೇತಿ ಪಾಠ ಸದ್ಯಕ್ಕೆ ಬಿಡಿ. ಆಕಾಶದಲ್ಲೇ ಶುರುವಾಗುವ ದಾಳಿಯ ಮಿಷನ್ ಮೊದಲು ತೆರೆಯಿರಿ. ಬೇಕಂತಲೇ ತುಂಬ ಎತ್ತರದಿಂದ ಟಾರ್ಪಿಡೊ ಬಿಡಿ. ಅದು ಹಡಗಿಗೆ ಬಡಿದರೆ ಆಟ ಅಲ್ಲೇ ನಿಲ್ಲಿಸಿ, ಅವತ್ತೇ ಹಣ ವಾಪಸ್ ಕೇಳಿ.