ಬಂದರೆ ಗಿಡದ ಬೀಜ ಏಳಿಸಲು ಬಿಸಿನೀರೋ, ಹೊಗೆ ನೀರೋ?

ಮಾಗಡಿ, ರಾಮನಗರ ಕಡೆಯ ಗುಡ್ಡಗಳಲ್ಲಿ ಬೇಸಿಗೆಗೆ ಹುಲ್ಲು ಹತ್ತಿ ಉರಿಯುತ್ತದೆ. ಮಳೆ ಬಿದ್ದ ಮೇಲೆ ‘ಬಂದರೆ’ ಎಂಬ ಬೇಲಿಗಿಡ (ಡೊಡೋನಿಯ ವಿಸ್ಕೋಸಾ) ಬುಡದಿಂದಲೂ ಚಿಗುರುತ್ತದೆ, ಬೀಜದಿಂದಲೂ ಏಳುತ್ತದೆ. ಇದೇ ಬಂದರೆ ಅಮೆರಿಕದ ಅರಿಜೋನಾದ ಒಣನೆಲದಲ್ಲೂ ಇದೆ. ಅದರ ಬೀಜವನ್ನು ಎಬ್ಬಿಸುವುದು ಬೆಂಕಿಯ ಶಾಖವೋ, ಹೊಗೆಯೋ? ಬೆಂಗಳೂರಿನ ನಮ್ಮ ತಾರಸಿಯಲ್ಲಿ ಅಕ್ಕಪಕ್ಕ ಟ್ರೇ ಇಟ್ಟು ನೋಡಿದೆ. ಬೀಜ ಗೆಳೆಯರೊಬ್ಬರ ತೋಟದ ಬೇಲಿಯದು.

ಗೆದ್ದದ್ದು ಬಿಸಿನೀರು. ನೀರು ಕುದಿ ಬಂದ ಕೂಡಲೇ ಒಲೆ ಆರಿಸಿ ಬೀಜದ ಮೇಲೆ ಸುರಿದೆ. ಒಂದೆರಡು ನಿಮಿಷ ಬಿಟ್ಟು ಬಸಿದು, ತಣ್ಣೀರಿಗೆ ಹಾಕಿ ರಾತ್ರಿಯಿಡೀ ಇಟ್ಟೆ. ಬಂದರೆ ಬೀಜ ಸಾಸಿವೆಗಿಂತ ತುಸು ದಪ್ಪ, ಕಪ್ಪಗೆ ಗಟ್ಟಿ. ಬೆಳಗ್ಗೆ ನೋಡಿದರೆ ನೀರು ಕುಡಿದವು ಉಬ್ಬಿ ಎದ್ದು ಕಾಣುತ್ತಿದ್ದವು. ಮೊಳಕೆಯೂ ಅವೇ ಮೊದಲು ಬಂದವು.

ಉಪ್ಪುಕಾಗದದಲ್ಲಿ ಉಜ್ಜಿದ್ದೂ ಚೆನ್ನಾಗಿಯೇ ಬಂತು. ಆದರೆ ಇಷ್ಟು ಚಿಕ್ಕ ಬೀಜ ಬೆರಳಲ್ಲಿ ನಿಲ್ಲುವುದಿಲ್ಲ, ಜಾಸ್ತಿ ಉಜ್ಜಿದರೆ ಒಳಗಿನ ತಿರುಳಿಗೇ ಪೆಟ್ಟು. ತಂಗಡಿಯಂಥ ದೊಡ್ಡ ಬೀಜಕ್ಕೆ ಮಾತ್ರ ನಾನು ಇದನ್ನೇ ಹೇಳುತ್ತೇನೆ.

ಒಣಹುಲ್ಲಿನ ಹೊಗೆ ಹಾಯಿಸಿದ ನೀರಲ್ಲಿ ನೆನೆಸಿದ ಬೀಜಕ್ಕೂ ಸುಮ್ನೆ ಬಿತ್ತಿದ ಬೀಜಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಇದಕ್ಕೆ ಕಾರಣವಿದೆ. ಹೊಗೆಯಲ್ಲಿ ಬೀಜ ಎಬ್ಬಿಸುವ ಕ್ಯಾರಿಕಿನೊಲೈಡ್ ಎಂಬ ವಸ್ತುವನ್ನು 2004ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಗುರುತಿಸಿದರು. ನೀರು ಕುಡಿದೂ ಮಲಗಿರುವ ಬೀಜಗಳಿಗೆ ಅದು ಸರಿ. ಬಂದರೆಯ ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ. ಅಲ್ಲಿ ಹೊಗೆ ಏನು ಮಾಡೀತು? ಸಿಪ್ಪೆ ಬಿರಿಯಲು ಶಾಖವೋ ಉಜ್ಜುವಿಕೆಯೋ ಬೇಕು.

ಬೆಂಕಿಯ ನಂತರ ಹೀಗೆ ಮತ್ತೆ ಏಳುವ ದಾರಿ ಎಲ್ಲ ಒಣನಾಡಿನ ಪೊದೆಗಳಿಗೂ ಇಲ್ಲ ಅನ್ನುವುದು ನನಗೆ ನಿಜವಾಗಿ ಸಂಕಟದ ವಿಷಯ. ಅಮೆರಿಕದ ಮೊಹಾವಿ ಮರುಭೂಮಿಯ ಬ್ಲ್ಯಾಕ್‌ಬ್ರಷ್ ಪೊದೆ ಸುಟ್ಟರೆ ಬುಡದಿಂದ ಚಿಗುರುವುದೇ ಅಪರೂಪ. ದಶಕಗಳಾದರೂ ಆ ಜಾಗ ಮೊದಲಿನಂತಾಗುವುದಿಲ್ಲ. ಕ್ರಿಯೊಸೋಟ್ ಪೊದೆಯೂ ಜೋರು ಬೆಂಕಿಗೆ ಬಹುಮಟ್ಟಿಗೆ ಸಾಯುತ್ತದೆ. ಹಿಂದೆ ಅಲ್ಲಿ ಪೊದೆಗಳ ನಡುವೆ ಬರೀ ನೆಲವಿತ್ತು, ಬೆಂಕಿ ದಾಟುತ್ತಿದ್ದದ್ದೇ ಕಡಿಮೆ. ಹೊರಗಿನಿಂದ ಬಂದ ರೆಡ್ ಬ್ರೋಮ್ ಹುಲ್ಲು ಆ ಖಾಲಿ ಜಾಗ ತುಂಬಿ ಬೆಂಕಿ ಹರಡಲು ದಾರಿ ಮಾಡಿತು. ಅದೇ ಮೊಹಾವಿಯಲ್ಲಿ 2020ರಲ್ಲಿ ಹತ್ತಿದ ‘ಡೋಮ್’ ಎಂಬ ಕಾಳ್ಗಿಚ್ಚಿನಲ್ಲಿ ಸುಮಾರು 13 ಲಕ್ಷ ಜೋಶುವಾ ಮರಗಳು ಸತ್ತವೆಂದು ಅಂದಾಜು.

ಬೇಲಿಗೆ ಬಂದರೆ ಹಾಕುವವರು ಬಿಸಿನೀರನ್ನೇ ನಂಬಿ. ಬೀಜವನ್ನು ಒಲೆಯ ಮೇಲಿಟ್ಟು ಕುದಿಸಬೇಡಿ, ಬೆಂದುಹೋಗುತ್ತದೆ. ಉಬ್ಬದೆ ಉಳಿದ ಬೀಜಕ್ಕೆ ಇನ್ನೊಮ್ಮೆ ಬಿಸಿನೀರು ಹಾಕಿದರೆ ಸಾಕು.