ಅನುವಾದಕರ ಆನ್‌ಲೈನ್ ಗುಂಪುಗಳು: ಶಿರಸಿಯಿಂದ ಆರು ವರ್ಷದ ಬಳಕೆಯ ನಂತರ

ನಾನು ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ ಮಾಡುವವಳು. ಔಷಧ ಪ್ರಯೋಗಗಳ ಒಪ್ಪಿಗೆ ಪತ್ರ, ರೋಗಿಗಳ ಪ್ರಶ್ನಾವಳಿ, ಬ್ಯಾಂಕ್ ಆ್ಯಪ್‌ಗಳ ಒಳಗಿನ ಸಾಲುಗಳು, ಇಂಥವು ನನ್ನ ದಿನದ ಕೆಲಸ. ಮನೆ ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ದಾರಿಯಲ್ಲಿ, ತೋಟದ ಅಂಚಿಗೆ. ನಮ್ಮಲ್ಲಿ ಅಡಿಕೆ ದರ ತಿಳಿಯಬೇಕೆಂದರೆ ಟಿಎಸ್‌ಎಸ್ (ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘ) ಅಂಗಳಕ್ಕೆ ಹೋದರೆ ಮುಗಿಯಿತು. ರಾಶಿಗೆ ಎಷ್ಟು, ಚಾಲಿಗೆ ಎಷ್ಟು, ಬೆಟ್ಟೆಗೆ ಎಷ್ಟು ಅಂತ ಹತ್ತು ಜನ ಹೇಳುತ್ತಾರೆ. ಆದರೆ ಒಂದು ಪದದ ಅನುವಾದಕ್ಕೆ ಎಷ್ಟು ಕೇಳಬೇಕು ಅಂತ ಹೇಳುವವರು 2019ರಲ್ಲಿ ಇಡೀ ತಾಲ್ಲೂಕು ಹುಡುಕಿದರೂ ನನಗೆ ಸಿಗಲಿಲ್ಲ. ಅದಕ್ಕೇ ಆನ್‌ಲೈನ್ ಗುಂಪುಗಳಿಗೆ ಸೇರಿದೆ. ಸೇರಿದ್ದು ಬಹಳ, ಉಳಿದದ್ದು ನಾಲ್ಕು.

ಶುರುವಾದದ್ದು ಲಿಂಕ್ಡ್‌ಇನ್‌ನಿಂದ. ಹುಡುಕಾಟದ ಜಾಗದಲ್ಲಿ ಟ್ರಾನ್ಸ್‌ಲೇಷನ್ ಅಂತ ಟೈಪ್ ಮಾಡಿ, ಗ್ರೂಪ್ಸ್ ಅನ್ನುವುದನ್ನು ಆರಿಸಿದರೆ ಉದ್ದನೆಯ ಪಟ್ಟಿ ಬರುತ್ತದೆ. ಅಲ್ಲಿ ಒಬ್ಬರು 100 ಗುಂಪುಗಳವರೆಗೆ ಸೇರಬಹುದು. ಮೊದಲ ತಿಂಗಳಲ್ಲೇ ನಾನು ಇಪ್ಪತ್ತಕ್ಕೂ ಹೆಚ್ಚು ಗುಂಪು ಸೇರಿಬಿಟ್ಟೆ, ಅದರಲ್ಲೂ ಸದಸ್ಯರ ಸಂಖ್ಯೆ ದೊಡ್ಡದಿದ್ದದ್ದನ್ನೇ ಆರಿಸಿಕೊಂಡು. ಈಗ ಸದಸ್ಯರ ಸಂಖ್ಯೆಯನ್ನು ನೋಡುವುದೇ ಇಲ್ಲ. ಒಳಗೆ ಹೋದ ಮೇಲೆ ಕೊನೆಯ ಹತ್ತು ಪ್ರಶ್ನೆಗಳನ್ನು ತೆಗೆದು, ಎಷ್ಟಕ್ಕೆ ಉತ್ತರ ಬಂದಿದೆ ಅಂತ ನೋಡುತ್ತೇನೆ. ಹತ್ತಕ್ಕೆ ಹತ್ತೂ 'ನಾನು ಕೆಲಸಕ್ಕೆ ಲಭ್ಯವಿದ್ದೇನೆ' ಅನ್ನುವ ಪೋಸ್ಟುಗಳೇ ಇದ್ದರೆ ಹೊರಗೆ ಬರುತ್ತೇನೆ. ಎಲ್ಲರೂ ಕೆಲಸ ಕೇಳಲು ನಿಂತ ಜಾಗದಲ್ಲಿ ಕೊಡುವವರು ಯಾರು? ನಾನೂ ಅಂಥ ಪೋಸ್ಟ್ ಎಷ್ಟೋ ಹಾಕಿದ್ದೇನೆ. ಒಂದಕ್ಕೂ ಕೆಲಸ ಬರಲಿಲ್ಲ.

ಬಂದದ್ದು ಮೋಸದ ಪತ್ರಗಳು. ಒಂದು ಗುಂಪಿನಲ್ಲಿ ನನ್ನ ಹೆಸರು ನೋಡಿದವರೊಬ್ಬರು ನಲವತ್ತು ಪುಟದ ಕಡತ ಕಳಿಸಿ, ದರ ಕೂಡ ಚೌಕಾಸಿ ಮಾಡದೆ ಒಪ್ಪಿಕೊಂಡರು. ಹಣವನ್ನು ಚೆಕ್‌ನಲ್ಲಿ ಕಳಿಸುತ್ತೇವೆ, ಬಿಲ್ಲಿಗಿಂತ ಹೆಚ್ಚು ಬರುತ್ತದೆ, ಹೆಚ್ಚಾದದ್ದನ್ನು ವಾಪಸ್ ಹಾಕಿ ಅಂದರು. ಅನುವಾದಕರಿಗೆ ಇದು ಹಳೆಯ ಮೋಸ. ಚೆಕ್ ಆಮೇಲೆ ಬೌನ್ಸ್ ಆಗುತ್ತದೆ, ನಾವು ಕೈಯಿಂದ ಕೊಟ್ಟ ಹಣ ಹೋದ ಹಾಗೇ. ನನಗದು ಗೊತ್ತಿರಲಿಲ್ಲ. ಇನ್ನೊಂದು ಗುಂಪಿನಲ್ಲಿ ಕೇಳಿದೆ, ಅರ್ಧ ಗಂಟೆಯೊಳಗೆ ಮೂವರು 'ಮುಟ್ಟಬೇಡಿ' ಅಂತ ಬರೆದರು. ಆ ಮೂವರಲ್ಲಿ ಯಾರನ್ನೂ ನಾನು ನೋಡಿದವಳಲ್ಲ.

ಆ ಇನ್ನೊಂದು ಗುಂಪು ಇದ್ದದ್ದು ಪ್ರೋಝ್ ಡಾಟ್ ಕಾಮ್‌ನಲ್ಲಿ. 1999ರಿಂದ ಇರುವ ಅನುವಾದಕರದೇ ತಾಣ. ಹೆಸರು ನೋಂದಾಯಿಸಲು ದುಡ್ಡಿಲ್ಲ, ಪೂರ್ಣ ಸದಸ್ಯತ್ವಕ್ಕೆ ವರ್ಷಕ್ಕೊಮ್ಮೆ ಶುಲ್ಕವಿದೆ. ಇದರಲ್ಲಿ ಎರಡು ಸಂಗತಿಗಳಿಗಾಗಿ ನಾನು ದುಡ್ಡು ಕೊಡುತ್ತೇನೆ. ಒಂದು ಬ್ಲೂ ಬೋರ್ಡ್. ಯಾವ ಏಜೆನ್ಸಿಯ ಜೊತೆ ಮತ್ತೆ ಕೆಲಸ ಮಾಡುತ್ತೀರಿ, ಯಾವುದರ ಜೊತೆ ಇಲ್ಲ ಅಂತ ಅನುವಾದಕರು 1ರಿಂದ 5ರವರೆಗೆ ಅಂಕ ಕೊಡುವ ಪಟ್ಟಿ ಅದು. 2020ರಲ್ಲಿ ನಾನು ಒಂದು ಏಜೆನ್ಸಿಗೆ 11,000 ಪದ ಮಾಡಿಕೊಟ್ಟೆ. 60 ದಿನಕ್ಕೆ ಹಣ ಅಂದಿದ್ದರು. ಇವತ್ತಿನವರೆಗೂ ಬಂದಿಲ್ಲ. ಆಮೇಲೆ ಬ್ಲೂ ಬೋರ್ಡ್ ತೆಗೆದರೆ ನನಗಿಂತ ಮೊದಲೇ ನಾಲ್ಕು ಜನ ಅದೇ ಏಜೆನ್ಸಿಗೆ 1 ಅಂಕ ಕೊಟ್ಟು, ದಿನಾಂಕ ಸಮೇತ ಬರೆದಿದ್ದರು. ಹತ್ತು ನಿಮಿಷ ಮೊದಲು ನೋಡಿದ್ದರೆ ಒಂದೂವರೆ ತಿಂಗಳ ರಾತ್ರಿ ನಿದ್ದೆ ಉಳಿಯುತ್ತಿತ್ತು. ಈಗ ಹೊಸ ಏಜೆನ್ಸಿಯಿಂದ ಮೇಲ್ ಬಂದರೆ ಉತ್ತರಿಸುವ ಮೊದಲು ಅಲ್ಲಿ ಹುಡುಕುವುದೇ ನನ್ನ ಮೊದಲ ಕೆಲಸ. ನಮ್ಮ ದೇಶದ ಸಣ್ಣ ಏಜೆನ್ಸಿಗಳ ಬಗ್ಗೆ ಅಲ್ಲಿ ನನಗೆ ಸಿಕ್ಕಿದ್ದು ಕಡಿಮೆ. ಅದಕ್ಕೆ ಬೇರೆ ದಾರಿ ಬೇಕು, ಮುಂದೆ ಹೇಳುತ್ತೇನೆ.

ಎರಡನೆಯದು ಕುಡೋಝ್. ಒಂದು ಪದಕ್ಕೆ ಸರಿಯಾದ ಅನುವಾದ ತೋಚದಿದ್ದರೆ ಅಲ್ಲಿ ಕೇಳಬಹುದು, ಗೊತ್ತಿದ್ದವರು ಹೇಳುತ್ತಾರೆ. ಕನ್ನಡದ ಪ್ರಶ್ನೆಗಳು ಅಪರೂಪ. ಆದರೆ ನನ್ನ ಕೆಲಸದ ದಿಕ್ಕು ಬದಲಾದದ್ದು ಅಂಥ ಒಂದು ಪ್ರಶ್ನೆಯಿಂದಲೇ. ರೋಗಿಗಳ ಪ್ರಶ್ನಾವಳಿಯಲ್ಲಿ ಬರುವ 'ಹೈವ್ಸ್'ಗೆ ಕನ್ನಡದಲ್ಲಿ ಏನನ್ನಬೇಕು ಅಂತ ಯಾರೋ ಕೇಳಿದ್ದರು. ಚರ್ಮದ ಅಲರ್ಜಿ, ದದ್ದು ಅಂತೆಲ್ಲ ಉತ್ತರ ಬಂದಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ಪಿತ್ತಗಂಧೆ ಅನ್ನುತ್ತಾರೆ. ಚಿಕ್ಕವಳಿದ್ದಾಗ ನನಗೆ ಮೈತುಂಬ ಎದ್ದರೆ ಅಮ್ಮ ಮುರುಗಲು ಹಣ್ಣಿನ ಸಿಪ್ಪೆ ನೆನೆಸಿ, ಆ ಕೆಂಪು ನೀರು ಹಚ್ಚುತ್ತಿದ್ದಳು. ದದ್ದು ಅಂದರೆ ಯಾವ ದದ್ದೂ ಆಗಬಹುದು, ಪಿತ್ತಗಂಧೆ ಅಂದರೆ ಥಟ್ಟನೆ ಎದ್ದು, ತುರಿಸಿ, ಸ್ವಲ್ಪ ಹೊತ್ತಿಗೆ ಇಳಿಯುವಂಥದ್ದು, ಹಳ್ಳಿಯ ರೋಗಿಗೂ ಓದಿದ ಕೂಡಲೇ ತಿಳಿಯುತ್ತದೆ ಅಂತ ನಾಲ್ಕು ಸಾಲು ಬರೆದೆ. ಮಾರನೇ ವಾರ ಮೈಸೂರಿನ ಹಿರಿಯ ಅನುವಾದಕಿಯೊಬ್ಬರು ಸಂದೇಶ ಕಳಿಸಿದರು. "ಇಂಥ ಪದ ಬಲ್ಲವರು ನನ್ನ ಅನುವಾದ ತಿದ್ದಲು ಬೇಕಮ್ಮ, ಮಾಡ್ತೀರಾ?" ಅಲ್ಲಿಂದ ಇಲ್ಲಿಯವರೆಗೆ ನನ್ನ ವೈದ್ಯಕೀಯ ಕೆಲಸದ ಬಹುಪಾಲು ಅವರ ಮೂಲಕವೇ ಬಂದಿದೆ. ಅವರನ್ನು ನಾನು ಮೇಡಂ ಅನ್ನುವುದು ಬಿಟ್ಟು ಅಕ್ಕ ಅನ್ನಲು ಶುರು ಮಾಡಿ ನಾಲ್ಕು ವರ್ಷವಾಯಿತು.

ಅವರೇ ನನ್ನನ್ನು ಟೆಲಿಗ್ರಾಂನ ಒಂದು ಸಣ್ಣ ಗುಂಪಿಗೆ ಸೇರಿಸಿದ್ದು. ಬರೀ ಕನ್ನಡ ಅನುವಾದಕರು, ಈಗ 38 ಜನ. ಒಳಗಿನವರೊಬ್ಬರು ಹೇಳದೆ ಸೇರುವ ಹಾಗಿಲ್ಲ. ಗುಡ್ ಮಾರ್ನಿಂಗ್ ಇಲ್ಲ, ಫಾರ್ವರ್ಡ್ ಇಲ್ಲ. ದರ ಎಷ್ಟು, ಯಾರು ಎಷ್ಟು ದಿನಕ್ಕೆ ಹಣ ಕೊಟ್ಟರು ಅನ್ನುವುದನ್ನು ಮುಚ್ಚಿಡುವಂತಿಲ್ಲ. ಗಿರಾಕಿಯ ಕಡತವನ್ನು ಮಾತ್ರ ಹಾಕುವಂತಿಲ್ಲ, ಗುಟ್ಟು ಕಾಯುತ್ತೇವೆಂದು ನಾವೆಲ್ಲ ಸಹಿ ಹಾಕಿರುತ್ತೇವೆ. ಸೇರಿದ ಮೊದಲ ತಿಂಗಳು ನಾನು ಏನೂ ಬರೆಯಲಿಲ್ಲ, ಹಳೆಯದನ್ನೆಲ್ಲ ಓದಿದೆ. ಅಡ್ಮಿನ್ ಅನುಮತಿ ಕೊಟ್ಟಿದ್ದರೆ ಟೆಲಿಗ್ರಾಂನಲ್ಲಿ ಹೊಸಬರಿಗೂ ಹಿಂದಿನ ಮಾತುಕತೆ ಕಾಣುತ್ತದೆ, ಅದೇ ದೊಡ್ಡ ಅನುಕೂಲ. ಅಲ್ಲೇ ನನ್ನ ಲೆಕ್ಕದ ತಪ್ಪು ಗೊತ್ತಾದದ್ದು. ನಾನು ಕನ್ನಡ ಪದಗಳನ್ನು ಎಣಿಸಿ ಬಿಲ್ ಮಾಡುತ್ತಿದ್ದೆ. ನಮ್ಮ ಭಾಷೆಯಲ್ಲಿ ವಿಭಕ್ತಿಯೆಲ್ಲ ಪದಕ್ಕೇ ಅಂಟಿಕೊಳ್ಳುತ್ತದೆ. 'ಇನ್ ದ ಹಾಸ್ಪಿಟಲ್' ಅನ್ನುವ ಮೂರು ಪದ 'ಆಸ್ಪತ್ರೆಯಲ್ಲಿ' ಅನ್ನುವ ಒಂದೇ ಪದವಾಗುತ್ತದೆ. ಇಂಗ್ಲಿಷಿನ 1,000 ಪದ ನನ್ನ ಕೈಯಲ್ಲಿ 700 ಚಿಲ್ಲರೆ ಆಗುತ್ತಿತ್ತು. ಎರಡು ವರ್ಷ ಅಷ್ಟು ಕಡಿಮೆ ಹಣಕ್ಕೆ ಅಷ್ಟೇ ಕೆಲಸ ಮಾಡಿದ್ದೆ. ಮೂಲದ ಪದ ಎಣಿಸಿ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಅಂತ ಆವತ್ತು ಕಣ್ಣಲ್ಲಿ ನೀರು ಬಂತು. ಟಿಎಸ್‌ಎಸ್ ಅಂಗಳದಂಥ ಜಾಗ ನಮ್ಮ ಕೆಲಸಕ್ಕೂ ಕೊನೆಗೆ ಸಿಕ್ಕಿತು ಅನಿಸಿದ್ದೂ ಆವತ್ತೇ.

ಅದೇ ಗುಂಪಿನಲ್ಲಿ ಕಾರವಾರದ ಒಬ್ಬ ತಮ್ಮ ಇದ್ದಾನೆ, ಕನ್ನಡದ ಜೊತೆ ಕೊಂಕಣಿಯನ್ನೂ ಮಾಡುವವನು. ನನ್ನ ಗಿರಾಕಿಯೊಬ್ಬರು ಕೊಂಕಣಿಯೂ ಬೇಕೆಂದಾಗ ಅವನಿಗೆ ಹೇಳಿದೆ. "ಅಕ್ಕಾ, ಮೊದಲು ಲಿಪಿ ಯಾವುದು ಕೇಳಿ. ಗೋವಾಕ್ಕಾದರೆ ದೇವನಾಗರಿ, ನಮ್ಮ ಕಡೆಗಾದರೆ ಕನ್ನಡ" ಅಂದ. ಗಿರಾಕಿಗೆ ಆ ವ್ಯತ್ಯಾಸವೇ ಗೊತ್ತಿರಲಿಲ್ಲ. ಕೇಳದೆ ಮಾಡಿದ್ದರೆ ಪೂರಾ ಕೆಲಸ ಎರಡನೇ ಸಲ ಮಾಡಬೇಕಿತ್ತು. ಹೋದ ವರ್ಷ ಅವನು ಕಾರವಾರದಿಂದ ಬಂದ, ನಾನು ದೇವಿಮನೆ ಘಟ್ಟ ಇಳಿದೆ, ಕುಮಟಾ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತ ಮೂರು ತಾಸು ಕೂತೆವು. ಯಂತ್ರಾನುವಾದವನ್ನು ತಿದ್ದುವ ಕೆಲಸಕ್ಕೆ ಎಷ್ಟು ಕೇಳಬೇಕು, ಪದಕ್ಕೆ ಇಷ್ಟು ಅನ್ನುವುದಕ್ಕಿಂತ ಗಂಟೆಗೆ ಇಷ್ಟು ಅನ್ನುವುದೇ ಸರಿಯೇನೋ ಅಂತ ಬಹಳ ಮಾತಾಡಿದೆವು. ನಾನು ಈಗ ಗಂಟೆಯ ಲೆಕ್ಕವನ್ನೇ ಕೇಳುತ್ತೇನೆ. ಎಲ್ಲರೂ ಒಪ್ಪುವುದಿಲ್ಲ, ಒಪ್ಪುವವರು ಉಳಿಯುತ್ತಾರೆ.

ವಾಟ್ಸ್‌ಆ್ಯಪ್ ಗುಂಪುಗಳ ಬಗ್ಗೆ ಎಚ್ಚರಿಕೆಯ ಮಾತು. ಅಲ್ಲಿ 1,024 ಜನರವರೆಗೆ ಇರಬಹುದು, ಅಷ್ಟೂ ಜನರಿಗೆ ನಿಮ್ಮ ನಂಬರ್ ಕಾಣಬಹುದು. 'ಅನುವಾದ ಕೆಲಸ ಖಚಿತ, ನೋಂದಣಿಗೆ 1,500 ರೂಪಾಯಿ, ಆಮೇಲೆ ವಾಪಸ್' ಅನ್ನುವವರು ನನಗೆ ಸಿಕ್ಕಿದ್ದು ಅಂಥ ಒಂದು ಗುಂಪಿನಲ್ಲೇ. ಕೆಲಸ ಮಾಡುವವರು ಹಣ ಕೊಡಬೇಕಾದ ಕೆಲಸ ಕೆಲಸವಲ್ಲ, ದಯವಿಟ್ಟು ಕೊಡಬೇಡಿ. ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಗ್ರೂಪ್ಸ್‌ಗೆ ಹೋಗಿ, ಪರಿಚಯದವರು ಮಾತ್ರ ಸೇರಿಸುವಂತೆ ಇಟ್ಟುಕೊಳ್ಳಿ.

ಲಿಂಕ್ಡ್‌ಇನ್‌ನಲ್ಲಿ ಈಗ ಎರಡೇ ಗುಂಪು ಇಟ್ಟುಕೊಂಡಿದ್ದೇನೆ, ಎರಡೂ ವೈದ್ಯಕೀಯ ಅನುವಾದದವು. ಉಚಿತ ಖಾತೆ ನನಗೆ ಸಾಕಾಗಿದೆ. ಪ್ರೋಝ್ ಸದಸ್ಯತ್ವವನ್ನು ಬರುವ ವರ್ಷವೂ ನವೀಕರಿಸುತ್ತೇನೆ, ಅದಕ್ಕೆ ಐದಕ್ಕೆ ನಾಲ್ಕು. ಟೆಲಿಗ್ರಾಂನ ಸಣ್ಣ ಗುಂಪಿಗೆ ಐದಕ್ಕೆ ಐದು. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದೆ ಕೆಲಸ ನಿಂತಾಗ, ಗಡುವು ತಪ್ಪದಂತೆ ನನ್ನ ಉಳಿದ 3,000 ಪದಗಳನ್ನು ಹಂಚಿಕೊಂಡು ಮುಗಿಸಿಕೊಟ್ಟವರು ಆ ಗುಂಪಿನ ಇಬ್ಬರು.