ಪತ್ರಾ ಕೆಲಸಕ್ಕೆ ಕಟ್ ರೆಸಿಸ್ಟೆಂಟ್ ಗ್ಲೌಸು: ವರ್ಷಗಟ್ಟಲೆ ಬಳಸಿದ ಮೇಲೆ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್. ಪತ್ರಾ, ಅಂದರೆ ಲೋಹದ ತಗಡು, ಕತ್ತರಿಸುವುದು, ಬೆಂಡ್ ಮಾಡುವುದು, ಪ್ಯಾನೆಲ್ ಬಾಕ್ಸ್ ಜೋಡಿಸುವುದು ದಿನದ ಕೆಲಸ. ಶಿಯರಿಂಗ್ ಮಷೀನ್‌ನಿಂದ ಬಂದ ಪತ್ರಾದ ಅಂಚು ಬ್ಲೇಡಿನಷ್ಟೇ ಹರಿತ. ಅದರ ಮುಂದೆ ಬಿಳಿ ಹತ್ತಿ ಗ್ಲೌಸು ಸುಮ್ನೆ ಹೆಸರಿಗೆ. ಹಾಗಾಗಿ 13 ಗೇಜ್ (ಇಂಚಿಗೆ 13 ಸೂಜಿಯ ಹೆಣಿಗೆ) ಎಚ್‌ಪಿಪಿಇ ಅನ್ನುವ ಗಟ್ಟಿ ಪಾಲಿಥಿಲೀನ್ ನೂಲಿನ, ಅಂಗೈಗೆ ಪಿಯು (ಪಾಲಿಯುರೆಥೇನ್) ಕೋಟಿಂಗ್ ಇರುವ ಗ್ಲೌಸಿಗೆ ಬದಲಾದೆವು. ಬೆಲೆ ಜಾಸ್ತಿ, ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಬರೀ 'ಲೆವೆಲ್ 5' (ಹಳೆ ಕಟ್ ಪರೀಕ್ಷೆಯ ಗರಿಷ್ಠ ಅಂಕ) ಅಂತ ಬರೆದಿದ್ದನ್ನು ನೋಡಿ ಮಾತ್ರ ಕೊಳ್ಳಬೇಡಿ. ಇಎನ್ 388 ಅನ್ನುವ ಯುರೋಪಿನ ಮಾನದಂಡ ಪಾಲಿಸಿದ ಗ್ಲೌಸಿನ ಮೇಲೆ ಸುತ್ತಿಗೆ ಚಿತ್ರ, ಅದರ ಕೆಳಗೆ ಒಂದು ಕೋಡ್ ಇರುತ್ತದೆ. ನಮ್ಮದರ ಮೇಲೆ 4, ಎಕ್ಸ್, 4, 3, ಸಿ ಅಂತಿದೆ. ಮೊದಲ ನಾಲ್ಕು ಕ್ರಮವಾಗಿ ಸವೆತ, ಹಳೆ ಪದ್ಧತಿಯ ಕಟ್ ಪರೀಕ್ಷೆ, ಹರಿಯುವುದು, ಚುಚ್ಚುವುದು ಇವನ್ನು ಗ್ಲೌಸು ಎಷ್ಟು ತಡೆಯುತ್ತದೆ ಅನ್ನುವ ಅಂಕ; ಐದನೆಯದು ಹೊಸ ಕಟ್ ಪರೀಕ್ಷೆಯದು. ಎಕ್ಸ್ ಅಂದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಹಳೆ ಪರೀಕ್ಷೆಯಲ್ಲಿ ದುಂಡನೆಯ ಬ್ಲೇಡು ತಿರುಗುತ್ತದೆ. ನೂಲಿನಲ್ಲಿ ಗಾಜು, ಸ್ಟೀಲ್ ಎಳೆ ಇದ್ದರೆ ಬ್ಲೇಡೇ ಮೊಂಡಾಗಿ ಗ್ಲೌಸಿಗೆ ಇಲ್ಲದ ಅಂಕ ಬರುತ್ತದೆ. ಅದಕ್ಕೇ 2016ರ ಆವೃತ್ತಿಯಲ್ಲಿ ನೇರ ಬ್ಲೇಡಿನ ಪರೀಕ್ಷೆ ಸೇರಿಸಿ, ಎ ಇಂದ ಎಫ್‌ವರೆಗೆ ಅಕ್ಷರ ಕೊಟ್ಟರು. ಸಿ ಅಂದರೆ ಗ್ಲೌಸು ಕತ್ತರಿಸಲು ಬ್ಲೇಡಿಗೆ ಕನಿಷ್ಠ 10 ನ್ಯೂಟನ್ ಬಲ ಬೇಕು, ಡಿ 15, ಇ 22, ಎಫ್ 30. ನೀವು ನೋಡಬೇಕಾದದ್ದು ಈ ಅಕ್ಷರ.

ಅಕ್ಷರ ಎಫ್ ಕಡೆಗೆ ಹೋದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಸ್ಟೀಲ್ ಎಳೆ ಇರುವ ದಪ್ಪನೆಯ ಇ ಗ್ಲೌಸು ತರಿಸಿದ್ದೆ. "ಸ್ಕ್ರೂ ಕೈಗೇ ಸಿಗವಲ್ದ್ರೀ ಅಣ್ಣಾರ" ಅಂತ ಹುಡುಗರು ಬಿಚ್ಚಿಟ್ಟು ಬರಿಗೈಲಿ ಕೂತರು. ಬಿಚ್ಚಿಟ್ಟ ಗ್ಲೌಸು ಯಾರ ಬೆರಳನ್ನು ಉಳಿಸುತ್ತದೆ? ಈಗ ಅದನ್ನು ದೊಡ್ಡ ಪತ್ರಾ ಎತ್ತಿ ಇಳಿಸಲು ಮಾತ್ರ ಇಟ್ಟಿದ್ದೇವೆ, ಜೋಡಣೆಗೆ ಸಿ.

ಪಿಯು ಕೋಟಿಂಗ್ ಒಣ ಕೆಲಸಕ್ಕೆ ಚೆನ್ನ. ಆಯಿಲ್ ಹಚ್ಚಿದ ಪತ್ರಾ ಬಂದರೆ ಜಾರುತ್ತದೆ. ಅಲ್ಲಿ ಮರಳಿನಂತೆ ಒರಟಾದ ನೈಟ್ರೈಲ್ (ಕೃತಕ ರಬ್ಬರ್) ಕೋಟಿಂಗ್ ಬೇಕು. ಹೆಬ್ಬೆರಳು-ತೋರುಬೆರಳಿನ ನಡುವಿನ ಜಾಗ ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಅಲ್ಲಿ ನೂಲು ಕಂಡರೆ ಬದಲಿಸಿಬಿಡಿ. ಎಚ್‌ಪಿಪಿಇ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ವೆಲ್ಡಿಂಗ್‌ಗೆ, ಬಿಸಿ ತುಂಡು ಹಿಡಿಯಲು ಚರ್ಮದ್ದೇ ಸರಿ.

ಡ್ರಿಲ್ಲಿಂಗ್ ಮಷೀನ್, ಲೇಥ್ ಹತ್ತಿರ ಮಾತ್ರ ಯಾವ ಗ್ಲೌಸೂ ಬೇಡ. ತಿರುಗುವ ಡ್ರಿಲ್ ಬಿಟ್‌ಗೆ ನೂಲು ಸಿಕ್ಕರೆ ಅದು ಹರಿಯುವುದಿಲ್ಲ, ಕೈಯನ್ನೇ ಎಳೆದುಕೊಳ್ಳುತ್ತದೆ. ಗಟ್ಟಿ ನೂಲಾದರೆ ಅಪಾಯ ಇನ್ನೂ ಜಾಸ್ತಿ. ನಮ್ಮಲ್ಲಿ ಆ ಮಷೀನ್ ಪಕ್ಕ ಒಂದು ಮೊಳೆ ಹೊಡೆದಿದ್ದೇವೆ. ಗ್ಲೌಸು ಅಲ್ಲಿ ನೇತುಹಾಕಿಯೇ ಸ್ವಿಚ್ ಹಾಕಬೇಕು.